ಅಪ್ಪ ಕೇಳಿದ ಲಂಡನ್ನಿನ ಬೌದ್ಧರು

ತೀರ್ಥರೂಪ ಅಪ್ಪನವರಿಗೆ ಜೈ ಭೀಮ್, ನಮೋ ಬುದ್ಧಾಯ.

ನಾನಿಲ್ಲಿ ಕ್ಷೇಮ. ತಂಗಿಯನ್ನು ನಾಗಪುರದ ಬೌದ್ಧ ತರಬೇತಿ ಕೇಂದ್ರವಾದ ನಾಗಲೋಕಕ್ಕೆ ಕಳಿಸುವ ಮುನ್ನ, ಅದರೊಡನೆ ನಂಟಿರುವ ಲಂಡನ್ನಿನ ತ್ರಿರತ್ನ ಬೌದ್ಧರು ಎಂಥವರೆಂದು ಕೇಳಿದ್ದಿರಿ.

1967ರಲ್ಲಿ ಈ ಸಂಘ ಕಟ್ಟಿದ ಸಂಘರಕ್ಷಿತರು ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರಾಗಿ ಭಾರತಕ್ಕೆ ಬಂದು, ಮುಂದೆ ಭಿಕ್ಷುವಾಗಿ ಕಾಲಿಂಪಾಂಗ್‌ನಲ್ಲಿ ನೆಲೆಸಿದ ಇಂಗ್ಲಿಷರು. ಬಾಬಾಸಾಹೇಬರನ್ನು ಕಂಡು ಮಾತಾಡಿದ್ದ ಅವರು, 1956ರಲ್ಲಿ ಬಾಬಾಸಾಹೇಬರ ಪರಿನಿಬ್ಬಾಣದ, ಅಂದರೆ ನಿಧನದ, ಸುದ್ದಿ ಬಂದಾಗ ನಾಗಪುರದಲ್ಲೇ ಇದ್ದು, ಆಗಷ್ಟೇ ದೀಕ್ಷೆ ಪಡೆದು ದಿಕ್ಕುಗಾಣದೆ ನಿಂತ ನಮ್ಮ ಜನರಿಗೆ ಧೈರ್ಯ ಹೇಳಿದರು. ಸ್ವದೇಶಕ್ಕೆ ಮರಳಿದ ಮೇಲೆ, ಪೂರ್ವದ ಆಚಾರಗಳನ್ನು ಇದ್ದಂತೆಯೇ ತಂದರೆ ಇಲ್ಲಿ ಬೇರೂರವೆಂದು ಅವರಿಗೆ ಅನಿಸಿತು. ಹೀಗಾಗಿ ಇವರ ಧರ್ಮಚಾರಿಗಳು, ಅಂದರೆ ಈ ಸಂಘದಲ್ಲಿ ದೀಕ್ಷೆ ಪಡೆದವರು, ಭಿಕ್ಷುಗಳೂ ಅಲ್ಲ, ಬರಿಯ ಉಪಾಸಕರೂ ಅಲ್ಲ. ಹೆಣ್ಣು ಗಂಡೆನ್ನದೆ ಒಂದೇ ದೀಕ್ಷೆ, ಹತ್ತು ಶೀಲ, ಸಂಸಾರವಿದ್ದರೂ ಅಡ್ಡಿಯಿಲ್ಲ. ಕಲಬುರಗಿಯ ಬುದ್ಧವಿಹಾರದಲ್ಲಿ ಭಂತೇಜಿಯವರ ಚೀವರಕ್ಕೆ (ಭಿಕ್ಷುವಸ್ತ್ರಕ್ಕೆ) ಕೈಮುಗಿದು ರೂಢಿಯಾದ ನನಗೆ ಇದು ಮೊದಲು ವಿಚಿತ್ರವೆನಿಸಿತು. ಆದರೆ ಇವರಲ್ಲಿ ಕೆಲವರು ಕೂಡಿ ವ್ಯಾಪಾರ ನಡೆಸಿ, ತಮಗೆ ಬೇಕಾದಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಧರ್ಮಕಾರ್ಯಕ್ಕೆ ಕೊಡುತ್ತಿದ್ದರೆಂದು ಕೇಳಿದಾಗ ನಮ್ಮ ಶರಣರ ಕಾಯಕ, ದಾಸೋಹ ನೆನಪಾದವು.

ಬೆತ್ನಲ್ ಗ್ರೀನ್‌ನಲ್ಲಿರುವ ಇವರ ಕೇಂದ್ರ ಹಿಂದೆ ಅಗ್ನಿಶಾಮಕ ಠಾಣೆಯಾಗಿತ್ತು. ಅಲ್ಲಿ ಜೀನ್ಸ್ ತೊಟ್ಟು, ಕೊರಳಿಗೆ ದೀಕ್ಷೆಯ ಗುರುತಾದ ಬಿಳಿಯ ಕೇಸಾ ಪಟ್ಟಿ ಹಾಕಿಕೊಂಡ ಹೆಣ್ಣುಮಗಳೊಬ್ಬಳು ಮೈತ್ರಿಭಾವನೆಯನ್ನು ಹೇಳಿಕೊಡುತ್ತಾಳೆ: ಮೊದಲು ತನಗೆ, ಬಳಿಕ ಗೆಳೆಯನಿಗೆ, ಆಮೇಲೆ ಬರಿ ಮುಖಪರಿಚಯದವನಿಗೆ, ನಂತರ ಕಂಡರಾಗದವನಿಗೆ, ಕೊನೆಗೆ ಸಕಲ ಜೀವಿಗಳಿಗೆ ಒಳಿತನ್ನು ಹಾರೈಸಬೇಕು. (ನಾಲ್ಕನೆಯ ಜಾಗಕ್ಕೆ ನನಗೆ ಯಾರು ನೆನಪಾಗುತ್ತಾರೆಂದು ನೀವು ಊಹಿಸಬಲ್ಲಿರಿ.) ಆಫೀಸಿನ ಒತ್ತಡ ಕಳೆಯಲೆಂದು ಬರುವವರೂ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ, ಆದರೂ ಮಾನಕ್ಕಾಗಿ ಬುದ್ಧನ ಬಳಿ ಬಂದ ನಮಗೆ, ದೀಕ್ಷೆಯ ವೇಳೆ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳ ಕಿಚ್ಚು ಇಲ್ಲಿ ಕಾಣದಿರುವುದು ಕೊರತೆಯೆಂದೇ ತೋರುತ್ತದೆ.

ಇನ್ನೊಂದು ಸಂಗತಿಯನ್ನು ನಿಮ್ಮಿಂದ ಮುಚ್ಚಿಡಲಾರೆ. ಶಿಷ್ಯರೊಡನೆ ಲೈಂಗಿಕ ವಿಷಯದಲ್ಲಿ ಸರಿಯಾಗಿ ನಡೆದುಕೊಳ್ಳಲಿಲ್ಲವೆಂಬ ದೂರುಗಳು ಸಂಘರಕ್ಷಿತರ ಮೇಲೆ ಬಂದವು. ತಮ್ಮಿಂದ ನೊಂದವರಲ್ಲಿ ಅವರು 2016ರ ಕೊನೆಗೆ ಬಹಿರಂಗವಾಗಿ ಕ್ಷಮೆ ಕೋರಿದರು, 2018ರಲ್ಲಿ ತೀರಿಕೊಂಡರು. ಇದನ್ನು ತಂಗಿಗೆ ತಿಳಿಸಿಯೇ ಕಳಿಸಿ. ನಾಗಲೋಕದಲ್ಲಿ ನಾನಾ ರಾಜ್ಯಗಳ ಮಕ್ಕಳು ಧ್ಯಾನದ ಜೊತೆಗೆ ಬಾಬಾಸಾಹೇಬರ ವಿಚಾರವನ್ನೂ ಕಲಿಯುವುದರಿಂದ ಅವಳು ಹೋಗಲೆಂಬುದೇ ನನ್ನ ಅಭಿಪ್ರಾಯ. ಪ್ರಯಾಣದ ಖರ್ಚನ್ನು ನಾನು ಕಳಿಸುತ್ತೇನೆ. ಅವ್ವನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗ