ಸ್ಪೇಸಲ್ಲೂ ಗುರುತ್ವ ಇದೆ

ಸಂಪಾದಕರೇ,
ಸ್ಪೇಸಲ್ಲಿ ಗ್ರಾವಿಟಿ ಇಲ್ಲ, ಅದಕ್ಕೇ ಗಗನಯಾತ್ರಿಗಳು ತೇಲ್ತಾರೆ ಅಂತ ನನ್ನ ಮಗಳಿಗೆ ಟ್ಯೂಷನ್ನಲ್ಲಿ ಹೇಳ್ಕೊಟ್ಟಿದಾರೆ, ಇದು ತಪ್ಪು. ಸ್ಪೇಸ್ ಸ್ಟೇಷನ್ ಇರೋದು ಸುಮಾರು 400 ಕಿ.ಮೀ. ಮೇಲೆ, ಬೆಂಗಳೂರಿಂದ ಹುಬ್ಬಳ್ಳಿಯಷ್ಟು ದೂರ ಅಷ್ಟೇ, ಅಲ್ಲೂ ಭೂಮಿಯ ಎಳೆತ ಇಲ್ಲಿನ ಶೇ. 90ರ ಹತ್ತಿರ ಇರುತ್ತೆ.

ಬಾಟ್ಲಿ ತಳದಲ್ಲಿ ತೂತು ಮಾಡಿ ನೀರು ತುಂಬಿ ಟೆರೇಸಿಂದ ಬಿಟ್ಟು ತೋರಿಸ್ದೆ, ಕೈಲಿದ್ದಾಗ ಸೋರ್ತಿದ್ದ ನೀರು ಬೀಳುವಾಗ ನಿಂತೇಹೋಯ್ತು, ಯಾಕಂದ್ರೆ ನೀರು ಬಾಟ್ಲಿ ಎರಡೂ ಒಟ್ಟಿಗೇ ಬೀಳ್ತವೆ. ಸ್ಟೇಷನ್ನೂ ಹಂಗೇ, ಒಳಗಿರೋರ ಸಮೇತ ಬೀಳ್ತಾನೇ ಇರುತ್ತೆ, ಆದ್ರೆ ಸೆಕೆಂಡಿಗೆ ಏಳೂವರೆ ಕಿ.ಮೀ.ಗಿಂತ ಜೋರಾಗಿ ಮುಂದಕ್ಕೂ ಓಡ್ತಿರುತ್ತಲ್ಲ, ಭೂಮಿ ದುಂಡಗೆ ಬಾಗಿರೋದ್ರಿಂದ ನೆಲ ಸಿಗೋದೇ ಇಲ್ಲ. ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಇದನ್ನ ದಯವಿಟ್ಟು ಚಿತ್ರ ಸಮೇತ ಹಾಕಿ.

– ಒಬ್ಬ ತಂದೆ, ದಾವಣಗೆರೆ