ಭರಣಿ ಮಳೆಗೆ ಮುಂಚೆ ಕೋಡಿ ಕಟ್ಟಬೇಕು: ಅಮ್ಮನ ಕೆರೆಗಾಗಿ ದೇಣಿಗೆ ಮನವಿ

ಅಮ್ಮನ ಭಕ್ತರೇ, ಊರಿನ ಬಂಧುಗಳೇ, ಮೈಸೂರು ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಮನೆಮಕ್ಕಳೇ,

ಎಲ್ಲರಿಗೂ ನಮಸ್ಕಾರ. ಕೆರೆಯ ಕೋಡಿ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗ, ಕಿತ್ತುಹೋದ ವಿಷಯ ನಿಮಗೆ ಗೊತ್ತೇ ಇದೆ. ವಾಟ್ಸಾಪ್‌ನಲ್ಲಿ ವಿಡಿಯೊ ನೋಡಿ ಆ ರಾತ್ರಿಯೇ ಎಷ್ಟೋ ಜನ ಫೋನ್ ಮಾಡಿದಿರಿ. ಗುಡಿಗೆ ಏನೂ ಆಗಿಲ್ಲ ಎಂದು ಕೇಳಿ ಸಮಾಧಾನಪಟ್ಟಿರಿ. ಗುಡಿಗೆ ಏನೂ ಆಗಿಲ್ಲ, ನಿಜ. ಅದು ಏರಿಯ ತುದಿಯಲ್ಲಿ, ಬಂಡೆಯ ಮೇಲಿದೆ. ಆಗಿರುವುದೆಲ್ಲ ಕೆರೆಗೆ ಮತ್ತು ಕೆರೆಯ ಕೆಳಗಿನ ಜನಕ್ಕೆ.

ಚಿತ್ತೆ ಮಳೆಯನ್ನು ಹಿರಿಯರು ಕುರುಡು ಚಿತ್ತೆ ಎನ್ನುತ್ತಿದ್ದರು. ಎಲ್ಲಿ ಎರಚುತ್ತದೋ ಹೇಳೋಕಾಗಲ್ಲ. ಕಳೆದ ಸಲ ಅದು ನಮ್ಮ ಮೇಲೇ ಎರಚಿತು. ಮೇಲಿನ ಕೆರೆ ಅದಾಗಲೇ ಕೋಡಿ ಹರಿಯುತ್ತಿತ್ತು. ಆ ನೀರೂ ಮಳೆ ನೀರೂ ಒಟ್ಟಿಗೆ ಬಂದು ನಮ್ಮ ಕೋಡಿಯ ಬಲಗಡೆ ಗೋಡೆಯನ್ನು ಬುಡಸಮೇತ ಎತ್ತಿಹಾಕಿದವು. ಗದ್ದೆಗೆ ನೀರು ಬಿಡುವ ತೂಬಿನ ಪಕ್ಕ ಏರಿಯೂ ಸೋರತೊಡಗಿತು. ಸೋರುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಕೆಂಪಗೆ ಬಂದರೆ ಒಳಗಿನ ಮಣ್ಣು ಕರಗಿ ಬರುತ್ತಿದೆ ಎಂದರ್ಥ. ನಮಗೆ ಬಂದಿದ್ದು ಕೆಂಪು ನೀರು. ಊರಿನ ಹುಡುಗರು ಬೆಳಗಿನ ಜಾವದವರೆಗೆ ಮರಳು ಮೂಟೆ ಹೊತ್ತರು. ಏರಿ ನಿಂತಿತು. ಅದು ಅಮ್ಮನ ಕೃಪೆ ಎಂದೇ ನಮ್ಮ ನಂಬಿಕೆ. ಹುಡುಗರ ತೋಳಿನ ಬಲವೂ ಹೌದು ಅನ್ನಿ.

ಏರಿ ಉಳಿದರೂ ಕೋಡಿ ಹಳ್ಳದ ಎರಡೂ ಕಡೆಯ ಜಮೀನು ಉಳಿಯಲಿಲ್ಲ. ಹಾಲು ತುಂಬುತ್ತಿದ್ದ ಭತ್ತ ಮಲಗಿತು. ಹಿಪ್ಪುನೇರಳೆ ತೋಟಗಳಲ್ಲಿ ಮೊಣಕಾಲುದ್ದ ಕೆಸರು ನಿಂತಿತು. ರೇಷ್ಮೆ ಸಾಕಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು ಹಗಲು ರಾತ್ರಿ ತಿನ್ನುತ್ತದೆ, ಒಂದು ಹೊತ್ತೂ ಕಾಯುವುದಿಲ್ಲ. ಸೊಪ್ಪಿಗೆ ಮಣ್ಣು ಮೆತ್ತಿದ್ದರೆ ಅದನ್ನು ಹಾಕುವಂತಿಲ್ಲ. ಹೆಂಗಸರು ಸೊಪ್ಪನ್ನು ಕೊಯ್ದು, ತೊಳೆದು, ಸೀರೆಯ ಮೇಲೆ ಹರವಿ ಒಣಗಿಸಿ ಹಾಕಿದರು. ಆದರೂ ಹುಳು ಸಾಯತೊಡಗಿತು. ರಾಮನಗರದ ಮಾರುಕಟ್ಟೆಗೆ ಗೂಡು ಒಯ್ದು ಮಗಳ ಕಾಲೇಜು ಫೀಸು ಕಟ್ಟಬೇಕೆಂದಿದ್ದ ಒಬ್ಬ ತಾಯಿ ಸತ್ತ ಹುಳುಗಳನ್ನು ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಸುರಿದಿದ್ದನ್ನು ನಾವೇ ನೋಡಿದೆವು. ಆ ಮಗುವಿನ ಫೀಸನ್ನು ಟ್ರಸ್ಟ್ ಕಟ್ಟಿದೆ. ಆದರೆ ಅಂಥ ಮನೆ ಒಂದೇ ಅಲ್ಲವಲ್ಲ.

ಇನ್ನೊಂದು ನಷ್ಟ ವಿಡಿಯೊದಲ್ಲಿ ಕಾಣುವುದಿಲ್ಲ. ಶಿವರಾತ್ರಿವರೆಗೆ ನಿಲ್ಲಬೇಕಿದ್ದ ನೀರು ಎರಡು ದಿನದಲ್ಲಿ ಶಿಂಷಾ ಸೇರಿತು. ಈಗ ಬಂದು ನೋಡಿ, ಕೆರೆಯ ನಡುವೆ ಹಸು ಮೇಯುತ್ತಿವೆ. ಏರಿಯ ಕೆಳಗಿನ ಕೈಪಂಪು ಆಗಲೇ ಗಾಳಿ ಉಗುಳುತ್ತಿದೆ. ಅಕ್ಟೋಬರ್‌ನಲ್ಲಿ ನೆರೆ, ಫೆಬ್ರವರಿಯಲ್ಲಿ ಟ್ಯಾಂಕರ್!

ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್.) ಇದೆಯಲ್ಲ, ನಿಮಗೇನು ಕಡಿಮೆ ಎಂದು ಹೊರಗಿನವರು ಕೇಳುತ್ತಾರೆ. ಮಂಡ್ಯ ಜಿಲ್ಲೆ ಎಂದರೆ ಎಲ್ಲಾ ಕಬ್ಬಿನ ಗದ್ದೆ ಎಂದುಕೊಂಡಿರುತ್ತಾರೆ. ಕಟ್ಟೆಯಲ್ಲಿ ನೀರು 124.80 ಅಡಿ ಮುಟ್ಟಿದ ದಿನ ನಾವೂ ಕೈಮುಗಿಯುತ್ತೇವೆ. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿತು, ಹಾಗೆ ಹಿಂದೆಂದೂ ಆಗಿರಲಿಲ್ಲ. ಆದರೆ ನಾವು ಮಳವಳ್ಳಿ ಕಡೆಯವರು, ಆ ಕಟ್ಟೆಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗದವರು. ನಾಲೆಯಲ್ಲಿ ನೀರು ಬಿಟ್ಟ ಸುದ್ದಿ ಪೇಪರ್‌ನಲ್ಲಿ ಮೊದಲು ಬರುತ್ತದೆ, ನೀರು ಆಮೇಲೆ ಬರುತ್ತದೆ. ಕೆಲವು ವರ್ಷ ಸುದ್ದಿ ಮಾತ್ರ ಬರುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಆ ಸೆಪ್ಟೆಂಬರ್‌ನಲ್ಲಿ ಕಾವೇರಿಗಾಗಿ ನಾವೂ ರಸ್ತೆಯಲ್ಲಿ ಕೂತಿದ್ದೆವು. ಮರುವರ್ಷ ಜುಲೈ ಕೊನೆಗೆ ಅದೇ ಕಟ್ಟೆಯಿಂದ ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ನೀರು ಬಿಟ್ಟು, ಶ್ರೀರಂಗಪಟ್ಟಣದಲ್ಲಿ ವೆಲ್ಲೆಸ್ಲಿ ಸೇತುವೆಗೂ ಅಪಾಯ ಬಂತು.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದಂತೆ. ಹಿಡಿದಿದ್ದನ್ನೆಲ್ಲ ಒಂದೇ ಸಲ ಸುರಿಯುತ್ತದೆ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಲಕ್ಷ ಲೀಟರ್ ನೀರು. ನಮ್ಮ ಕೆರೆಗೆ ನೀರು ಹರಿದು ಬರುವ ನೂರಾರು ಎಕರೆ ಬೀಳುಭೂಮಿಗೆ ಇದನ್ನು ನೀವೇ ಲೆಕ್ಕ ಹಾಕಿ. ಸೋನೆ ಹಿಡಿದು ವಾರಗಟ್ಟಲೆ ಬರುತ್ತಿದ್ದ ಮಳೆಗೆಂದು ಹಿರಿಯರು ಕಟ್ಟಿದ ಕೋಡಿ ಇದು. ಈಗ ಒಂದೇ ರಾತ್ರಿ ಸುರಿಯುವ ಮಳೆಗೆ ಅದರ ಅಗಲ ಸಾಲದು. ಇದ್ದ ಅಗಲವನ್ನೂ ಜಾಲಿ ಮರ ಮತ್ತು ಹೂಳು ತಿಂದಿವೆ.

ನಮ್ಮ ಟ್ರಸ್ಟ್ ಏನು ಮಾಡಿದೆ ಎಂದು ನಿಮಗೆ ಹೇಳಬೇಕಿಲ್ಲ. ಆದರೂ ಹೊಸ ತಲೆಮಾರಿನವರಿಗೆ ಗೊತ್ತಿರಲಿ ಎಂದು ಬರೆಯುತ್ತೇವೆ. ಹಿರಿಯ ಮೇಷ್ಟ್ರು ಸುಗ್ಗಿಯಲ್ಲಿ ಮನೆಗೊಂದು ಕೊಳಗ ರಾಗಿ ಎತ್ತಿ ಶುರು ಮಾಡಿದ ಟ್ರಸ್ಟ್ ಇದು. ಮೊದಲು ಗುಡಿಗೆ ಚಾವಣಿ ಹಾಕಿಸಿದರು. ಆಮೇಲೆ ಗೋಪುರ, ಸಮುದಾಯ ಭವನ, ಶುಕ್ರವಾರದ ದಾಸೋಹ. ಗೋಪುರದ ಕಳಸ ಪ್ರತಿಷ್ಠೆಗೆ ಸುತ್ತಮುತ್ತಲಿನ ಹಳ್ಳಿಗಳ ಜನವೆಲ್ಲ ಊಟ ಮಾಡಿ ಹೋದರು. ಆ ದಿನ ಮಾಡಿದ ಪಾಯಸದ ಮಾತು ಇವತ್ತಿಗೂ ಬರುತ್ತದೆ. ಜಾತ್ರೆಯಲ್ಲಿ ಮಜ್ಜಿಗೆ ಪಾನಕ ಒಂದು ವರ್ಷವೂ ನಿಂತಿಲ್ಲ, ಕೊರೋನಾ ಎರಡು ವರ್ಷ ಬಿಟ್ಟರೆ. ಮಕ್ಕಳಿಗೆ ಪ್ರತಿ ಜೂನ್‌ನಲ್ಲಿ ನೋಟ್‌ಬುಕ್ ಕೊಡುತ್ತೇವೆ. ಹಾಗೆ ನೋಟ್‌ಬುಕ್ ಪಡೆದ ಒಬ್ಬ ಹುಡುಗ ಸಿವಿಲ್ ಎಂಜಿನಿಯರ್ ಆಗಿದ್ದಾನೆ. ಈ ಕೆಲಸದ ಎಸ್ಟಿಮೇಟ್ ಅವನೇ ಬಿಟ್ಟಿಯಾಗಿ ಮಾಡಿಕೊಟ್ಟಿದ್ದಾನೆ.

2023ರ ಬರದಲ್ಲಿ ಸುತ್ತಲಿನ ಬೋರುಗಳೆಲ್ಲ ನಿಂತಾಗ ಗುಡಿಯ ಕಲ್ಯಾಣಿಯಲ್ಲಿ ನೀರಿತ್ತು. ಮೂರು ಊರಿನ ದನಕರು ಅಲ್ಲಿಯೇ ನೀರು ಕುಡಿದವು. ಅದಕ್ಕೆ ಎರಡು ವರ್ಷ ಮೊದಲೇ ಕಲ್ಯಾಣಿಯ ಹೂಳೆತ್ತಿಸಿದ್ದು ಈ ಟ್ರಸ್ಟ್. ಹೆಮ್ಮೆಗೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಹೆಮ್ಮೆಗೂ ಹೌದು.

ನಮ್ಮದೇ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರನ್ನು ನೆನೆಯದೆ ಈ ಮಾತು ಮುಗಿಯುವುದಿಲ್ಲ. ಕುರಿ ಕಾಯುತ್ತಿದ್ದವರು. ಕುರಿ ಮಾರಿದ ದುಡ್ಡು, ಬಹುಮಾನದ ದುಡ್ಡು ಎಲ್ಲವನ್ನೂ ಬೆಟ್ಟದ ಮೇಲೆ ಕಟ್ಟೆ ತೋಡಿಸಲು ಹಾಕಿದರು. 2020ರಲ್ಲಿ ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ಅವರ ಹೆಸರು ಹೇಳಿದಾಗ ದೇಶವೇ ತಿರುಗಿ ನೋಡಿತು. 2022ರಲ್ಲಿ ಅವರು ತೀರಿಕೊಂಡರು. ಒಬ್ಬರೇ ಅಷ್ಟು ಮಾಡಿದರೆ, ಇಷ್ಟು ಜನ ಇರುವ ನಾವು ಒಂದು ಕೋಡಿ ಕಟ್ಟಲಾರೆವಾ?

ಇನ್ನು ಕೆಲಸದ ವಿಷಯ. ಕೋಡಿಯ ಗೋಡೆಯನ್ನು ಅಡಿಪಾಯದಿಂದ ಎತ್ತಬೇಕು. ಬಾಯಿಯನ್ನು ಅಗಲ ಮಾಡಬೇಕು. ಕೆಳಗೆ ಬೀಳುವ ನೀರು ನೆಲ ಕೊರೆಯದಂತೆ ಕಲ್ಲು ಹಾಸಬೇಕು. ಇದಕ್ಕೇ 10 ಲಕ್ಷದ ಹತ್ತಿರ ಬೇಕು ಎಂದು ಎಂಜಿನಿಯರ್ ಹುಡುಗ ಹೇಳುತ್ತಾನೆ. ತೂಬಿನ ಪಕ್ಕ ಏರಿಯನ್ನು ಬಗೆದು ಜೇಡಿಮಣ್ಣು ತುಂಬಿ ದಮ್ಮಸು ಮಾಡಲು, ಒಳಮೈಗೆ ಕಲ್ಲು ಕಟ್ಟಲು ಇನ್ನೊಂದು 5, 6 ಲಕ್ಷ. ಏರಿಯ ಮೇಲಿನ ಜಾಲಿ ತೆಗೆಸಬೇಕು. ಅದರ ಬೇರು ಕೊಳೆತ ಜಾಗವೇ ನೀರಿಗೆ ದಾರಿ, ಜೊತೆಗೆ ಹೆಗ್ಗಣದ ಬಿಲ. ಮೇಲಿನ ಹಳ್ಳಕ್ಕೆ ಮೂರು ಸಣ್ಣ ಕಟ್ಟೆ ಹಾಕಿದರೆ ಬರುವ ನೀರಿನ ರಭಸವೂ ತಗ್ಗುತ್ತದೆ, ಹೂಳೂ ಅಲ್ಲೇ ನಿಲ್ಲುತ್ತದೆ. ಎಲ್ಲಾ ಸೇರಿ 20 ಲಕ್ಷದ ಆಸುಪಾಸು. ಡೀಸೆಲ್ ರೇಟು ಏರಿದರೆ ಸ್ವಲ್ಪ ಹೆಚ್ಚಾಗಬಹುದು.

ಹೂಳಿನ ಖರ್ಚು ನಮಗಿಲ್ಲ. ಕೆರೆ ಗೋಡು ಹೊಲಕ್ಕೆ ಒಳ್ಳೆಯ ಗೊಬ್ಬರ. ರೈತರು ತಮ್ಮ ಟ್ರ್ಯಾಕ್ಟರ್‌ನಲ್ಲೇ ಹೊಡೆದುಕೊಳ್ಳುತ್ತೇವೆ ಎಂದು ಒಪ್ಪಿದ್ದಾರೆ, ಜೆಸಿಬಿ ಬಾಡಿಗೆ ಹಂಚಿಕೊಳ್ಳುತ್ತಾರೆ.

ಕೆರೆ ಸರ್ಕಾರದ್ದಲ್ಲವಾ, ಅವರೇ ಮಾಡಲಿ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಅರ್ಜಿ ಹಿಡಿದು ಓಡಾಡಿದ್ದೇವೆ. ಕೆಲಸ ಮಾಡಿಕೊಳ್ಳಲು ಒಪ್ಪಿಗೆ ಪತ್ರ ಸಿಕ್ಕಿದೆ, ದುಡ್ಡು ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ನೋಡೋಣ ಎಂದಿದ್ದಾರೆ. ಮಳೆ ಕ್ರಿಯಾಯೋಜನೆ ನೋಡಿಕೊಂಡು ಬರುವುದಿಲ್ಲ.

ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುತ್ತದೆ. ಒಂದು ದೊಡ್ಡ ಮಳೆ ಬಿದ್ದರೂ ಕೆರೆಯೊಳಗೆ ಜೆಸಿಬಿ ಇಳಿಯುವುದಿಲ್ಲ. ಕಾಂಕ್ರೀಟ್ ಹಾಕಿದ ಮೇಲೆ ನೀರುಣಿಸಿ ಗಟ್ಟಿಯಾಗಲು ಮೂರು, ನಾಲ್ಕು ವಾರ ಬೇಕು. ಆದ್ದರಿಂದ ಯುಗಾದಿಯೊಳಗೆ ಅರ್ಧ ದುಡ್ಡಾದರೂ ಕೈಯಲ್ಲಿರಬೇಕು. ಊರಿನಲ್ಲಿ ಮನೆಮನೆ ಸುತ್ತಿ ಸುಮಾರು 4 ಲಕ್ಷ ಸೇರಿಸಿದ್ದೇವೆ. ನಷ್ಟವಾದ ಮನೆಯವರೂ ಕೊಟ್ಟಿದ್ದಾರೆ. ಬೇಡ ಎಂದರೂ ಕೇಳಲಿಲ್ಲ.

ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಹೇಳುತ್ತೇವೆ. ಗೋಪುರಕ್ಕೆ ಕೇಳಿದಾಗ ದುಡ್ಡು ತಾನಾಗಿ ಬಂತು. ಗೋಪುರ ಕಾಣುತ್ತದೆ, ಕಲ್ಲಿನ ಮೇಲೆ ಹೆಸರೂ ಕಾಣುತ್ತದೆ. ಕೋಡಿಗೆ ಕೊಟ್ಟ ದುಡ್ಡು ನೆಲದೊಳಗೆ ಹೋಗುತ್ತದೆ. ಹೆಸರು ಬೇಕೆನ್ನುವವರಿಗೆ ಏರಿಯ ಮೇಲೆ ಗ್ರಾನೈಟ್ ಫಲಕ ಹಾಕಿಸೋಣ, ಅದಕ್ಕೇನು. ಆದರೆ ಫಲಕದ ಖರ್ಚನ್ನು ಬೇರೆಯಾಗಿ ಕೊಡಿ.

ದುಡ್ಡು ಆಗದವರು ಕಲ್ಲು, ಸಿಮೆಂಟ್ ಕೊಡಿಸಬಹುದು. ಒಂದು ದಿನದ ಟಿಪ್ಪರ್ ಬಾಡಿಗೆ ಕೊಡಬಹುದು. ಭಾನುವಾರ ಬಂದು ಜಾಲಿ ಕಡಿಯಬಹುದು, ಊಟ ಗುಡಿಯಲ್ಲಿ. ಬ್ಯಾಂಕ್ ಖಾತೆ ಮೊದಲಿನದೇ, ಜಾತ್ರೆ ಪತ್ರಿಕೆಯ ಹಿಂಬದಿಯಲ್ಲಿದೆ. ನಮ್ಮ ಟ್ರಸ್ಟ್‌ಗೆ 80ಜಿ (ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿಯ ಮಾನ್ಯತೆ) ಇದೆ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅಂಥವರು ಖಾತೆಗೇ ಹಾಕಿ. ಹಾಕಿದ ಮೇಲೆ ಹೆಸರು ಮತ್ತು ಪ್ಯಾನ್ ನಂಬರ್‌ನ್ನು ಕಾರ್ಯದರ್ಶಿಗೆ ಕಳಿಸಿ, ಇಲ್ಲದಿದ್ದರೆ ರಸೀದಿ ಯಾರ ಹೆಸರಿಗೆ ಬರೆಯಬೇಕೆಂದು ಗೊತ್ತಾಗುವುದಿಲ್ಲ. ಜಾತ್ರೆ ಸಮಯದಲ್ಲಿ ಹಾಗೆ ಬಂದ ಮೂರು ಮೊತ್ತ ಇನ್ನೂ ಹೆಸರಿಲ್ಲದೆ ಪುಸ್ತಕದಲ್ಲಿ ಕೂತಿವೆ. ನಿಮ್ಮದಾಗಿದ್ದರೆ ದಯವಿಟ್ಟು ತಿಳಿಸಿ.

ಪ್ರತಿ ಶುಕ್ರವಾರ ದಾಸೋಹ ಮುಗಿದ ಮೇಲೆ ಲೆಕ್ಕದ ಪುಸ್ತಕ ಗುಡಿಯ ಜಗಲಿಯ ಮೇಲಿರುತ್ತದೆ. ಯಾರು ಬೇಕಾದರೂ ನೋಡಬಹುದು.

ಇತಿ,
ಧರ್ಮದರ್ಶಿಗಳು ಮತ್ತು ಕೆರೆ ಸಮಿತಿ
ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ