ಮುಚ್ಚಳದ ಮೇಲಿನ ಹೆಸರಿಗೆ ಹೊಣೆ ಯಾರು?

ಮಾನ್ಯ ಸಂಪಾದಕರೇ,

ಚೀನಾದ ಕಾರ್ಖಾನೆಯಲ್ಲಿ ಸರಕು ಮಾಡಿಸಿ, ಅದರ ಮೇಲೆ ನಮ್ಮದೇ ಹೆಸರು ಹಾಕಿಸಿ, ಮನೆಯಲ್ಲಿ ಕುಳಿತೇ ಆನ್‌ಲೈನಿನಲ್ಲಿ ಮಾರಬಹುದು ಎಂಬ ಲೇಖನವನ್ನು ಕಳೆದ ವಾರ ನಿಮ್ಮ ವಾಣಿಜ್ಯ ಪುಟದಲ್ಲಿ ಎರಡು ಸಲ ಓದಿದೆ. ಅದು ಸುಳ್ಳಲ್ಲ, ನಾನೇ ಮಾಡಿದ್ದೇನೆ. ಆದರೆ ಹೆಸರು ಹಾಕಿಸಿದವರ ತಲೆಯ ಮೇಲೆ ಏನೇನು ಬಂದು ಕೂರುತ್ತದೆ ಎಂಬ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಇದನ್ನೇ ಕಲಿಸುವ ತರಬೇತಿಗೆ ಹಣ ಕಟ್ಟಿ ಬಂದ ಮೂವರು ಹುಡುಗರು ಈ ತಿಂಗಳು ನನ್ನ ಅಂಗಡಿಗೆ ಸಲಹೆ ಕೇಳಲು ಬಂದಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ನಮ್ಮದು ಪಾತ್ರೆ ಅಂಗಡಿ. ಅಪ್ಪ ನಲವತ್ತು ವರ್ಷ ಸ್ಟೀಲನ್ನು ತೂಗಿ ಮಾರಿದವರು. 2018ರ ಡಿಸೆಂಬರಿನಲ್ಲಿ ನಾನು ಚೀನಾದ ಝೆಜಿಯಾಂಗ್ ಪ್ರಾಂತ್ಯದ ಯೊಂಗ್‌ಕಾಂಗ್ ಊರಿನ ಒಂದು ಕಾರ್ಖಾನೆಗೆ ಸಾವಿರ ಊಟದ ಡಬ್ಬಿಗಳ ಆರ್ಡರ್ ಕೊಟ್ಟೆ. ಸ್ಟೀಲ್ ಫ್ಲಾಸ್ಕು, ಬಾಟಲಿಗಳಿಗೆ ಆ ಊರು ಹೆಸರುವಾಸಿ. ಮುಚ್ಚಳದ ಮೇಲೆ ಲೇಸರಿನಲ್ಲಿ ನಮ್ಮ ಅವ್ವನ ಹೆಸರು. ಮಾದರಿ ಡಬ್ಬಿ ಕೊರಿಯರಿನಲ್ಲಿ ಬಂದಾಗ ಅಪ್ಪ ಅದನ್ನು ಬೆರಳ ಗೆಣ್ಣಿನಿಂದ ಬಡಿದು, ಅಂಚನ್ನು ಉಗುರಿನಿಂದ ಸವರಿ ನೋಡಿ, "ಮಾಲು ಚೆನ್ನಾಗಿದೆಯವ್ವ" ಎಂದರು. ಶೇ 30ರಷ್ಟು ಮುಂಗಡ ಕಟ್ಟಿದೆ. ನಲವತ್ತೈದು ದಿನ ಎಂದರು. ಚೀನೀ ಹೊಸ ವರ್ಷಕ್ಕೆ ಅಲ್ಲಿನ ಕೆಲಸಗಾರರು ಊರಿಗೆ ಹೋದರೆ ವಾರಗಟ್ಟಲೆ ಕಾರ್ಖಾನೆಗಳು ಬಾಗಿಲು ಹಾಕುತ್ತವೆ ಎಂಬುದು ನನಗೆ ತಿಳಿದಿರಲಿಲ್ಲ. ಫೆಬ್ರುವರಿ ಹಾಗೆಯೇ ಕಳೆಯಿತು. ಉಳಿದ ಶೇ 70ನ್ನು ಮೊಬೈಲಿಗೆ ಬಂದ ಫೋಟೋ ನೋಡಿ ಕಟ್ಟಿದೆ. ಸರಕು ನಿಂಗ್ಬೊ ಬಂದರಿನಿಂದ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಶಾಲೆ ಶುರುವಾಗುವ ವಾರ ಬಂದಿತ್ತು.

ಬೆಲೆಯ ಬಗ್ಗೆಯೂ ಒಂದು ಮಾತು. ಕಾರ್ಖಾನೆಯವರು ಹೇಳಿದ್ದು ಎಫ್‌ಒಬಿ ದರ. ಎಂದರೆ ಅವರ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನದು ಮಾತ್ರ. ಆಮೇಲಿನ ಹಡಗಿನ ಬಾಡಿಗೆ, ವಿಮೆ, ಆಮದು ಸುಂಕ, ಆಮದಿನ ಮೇಲೆ ಬೀಳುವ ಐಜಿಎಸ್‌ಟಿ ತೆರಿಗೆ, ಕ್ಲಿಯರಿಂಗ್ ಏಜೆಂಟರ ಶುಲ್ಕ, ಲಾರಿ ಬಾಡಿಗೆ ಎಲ್ಲವೂ ನಮ್ಮದು. ಕಾಗದದ ಮೇಲೆ ₹182 ಆಗಿದ್ದ ಡಬ್ಬಿ ನನ್ನ ಗೋದಾಮು ಸೇರಿದಾಗ ₹300 ದಾಟಿತ್ತು.

ಜುಲೈನಲ್ಲಿ ಒಬ್ಬ ಶಿಕ್ಷಕಿ ಡಬ್ಬಿ ಹಿಡಿದು ಬಂದರು. ಮುಚ್ಚಳ ತೆಗೆದು, ಸುತ್ತಲಿನ ಸಿಲಿಕೋನ್ ಉಂಗುರವನ್ನು ಬೆರಳಿನಿಂದ ಎಬ್ಬಿಸಿ ತೋರಿಸಿದರು. ಅದರ ಕೆಳಗೆ ಬೆಸುಗೆಯ ಗೆರೆಯುದ್ದಕ್ಕೂ ಸಾಸಿವೆ ಕಾಳಿನಷ್ಟು ದಪ್ಪದ ಕಂದು ಚುಕ್ಕೆಗಳು. ಹುಣಿಸೆ ಹುಳಿಯ ಸಾರನ್ನು ದಿನವೂ ಹಾಕುತ್ತಿದ್ದರಂತೆ. ಅದಕ್ಕೆಂದೇ ಇರುವ ಡಬ್ಬಿ ತಾನೇ ಅದು? "ಚೀನಾ ಗೀನಾ ನನಗೆ ಗೊತ್ತಿಲ್ಲರೀ, ಇದರ ಮೇಲೆ ನಿಮ್ಮ ಹೆಸರಿದೆ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹಣ ವಾಪಸು ಕೊಟ್ಟೆ. ಅದೇ ವಾರ ಇನ್ನೂ ಹನ್ನೊಂದು ಡಬ್ಬಿಗಳು ಮರಳಿದವು.

ಬೆಳಗಾವಿಯ ಫೌಂಡ್ರಿಯವರು ಲೋಹ ಪರೀಕ್ಷೆ ಮಾಡಿಸುವ ಒಂದು ಪ್ರಯೋಗಾಲಯಕ್ಕೆ ಮಾದರಿಯನ್ನೂ ಮರಳಿ ಬಂದ ಡಬ್ಬಿಯನ್ನೂ ಒಯ್ದೆ. ಮಾದರಿಯಲ್ಲಿ ನಿಕೆಲ್ ಶೇ 8, ಅಂದರೆ ಸುಲಭವಾಗಿ ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲು. ಮರಳಿ ಬಂದದ್ದರಲ್ಲಿ ನಿಕೆಲ್ ಶೇ 1ರ ಆಸುಪಾಸು, ಅದರ ಜಾಗದಲ್ಲಿ ಮ್ಯಾಂಗನೀಸ್ ತುಂಬಿತ್ತು, ಅಂದರೆ ಹುಳಿಗೆ ಬೇಗ ತುಕ್ಕು ಹಿಡಿಯುವ ಅಗ್ಗದ ದರ್ಜೆ. ಎರಡೂ ಒಂದೇ ತೆರನಾಗಿ ಹೊಳೆಯುತ್ತವೆ. ಅಯಸ್ಕಾಂತ ಹಿಡಿದು ನೋಡಿದರೂ ಇವೆರಡರ ವ್ಯತ್ಯಾಸ ನಂಬುವಂತೆ ತಿಳಿಯುವುದಿಲ್ಲ. ಅಪ್ಪನ ಕಿವಿಗೂ ತಿಳಿಯಲಿಲ್ಲ. ಅವರು ಆ ರಾತ್ರಿ ಊಟ ಮಾಡಲಿಲ್ಲ.

ಕಾರ್ಖಾನೆಯವರನ್ನು ಕೇಳಿದರೆ ಒಪ್ಪಂದದ ಪತ್ರವನ್ನೇ ನನಗೆ ಮರಳಿ ಕಳಿಸಿದರು. ಅದರಲ್ಲಿ 'ಸ್ಟೇನ್‌ಲೆಸ್ ಸ್ಟೀಲ್' ಎಂದಷ್ಟೇ ಇತ್ತು. 304 ಎಂಬ ಸಂಖ್ಯೆ ನಮ್ಮ ಮಾತುಕತೆಯಲ್ಲಿತ್ತು, ಕಾಗದದಲ್ಲಿರಲಿಲ್ಲ. ಅವರು ಮಾಡಿದ್ದು ಮೋಸವೇ. ಆದರೆ ಅದಕ್ಕೆ ಬಾಗಿಲು ತೆರೆದಿಟ್ಟವಳು ನಾನು. ಉಳಿದ 640 ಡಬ್ಬಿಗಳ ಮುಚ್ಚಳದಿಂದ ಅವ್ವನ ಹೆಸರನ್ನು ಗ್ರೈಂಡರಿನಲ್ಲಿ ಉಜ್ಜಿಸಿ ಗುಜರಿಗೆ ಹಾಕಿದೆ.

ಮೂರು ವರ್ಷದ ನಂತರ ಅದೇ ಊರಿನ ಬೇರೊಂದು ಕಾರ್ಖಾನೆಯೊಂದಿಗೆ ಕೆಲಸ ಮಾಡಿದೆ. ಈ ಸಲ ಒಳಪದರದ ದರ್ಜೆ, ತಗಡಿನ ದಪ್ಪ, ಉಂಗುರದ ಸಿಲಿಕೋನ್, ಡಬ್ಬಿಗೆ ಆಕಾರ ಕೊಡುವ ಅಚ್ಚಿಗೆ ನಾನು ಹಣ ಕೊಟ್ಟಿರುವುದರಿಂದ ಆ ಅಚ್ಚು ಯಾರದು ಎಂಬುದು, ಎಲ್ಲವನ್ನೂ ಕಾಗದದ ಮೇಲೆ ತಂದೆ. ಇಬ್ಬರೂ ಸಹಿ ಹಾಕಿದ ಎರಡು ಮಾದರಿಗಳಲ್ಲಿ ಒಂದು ಅವರಲ್ಲಿ, ಒಂದು ನನ್ನಲ್ಲಿ. ಶೇ 70 ಕಟ್ಟುವ ಮೊದಲು ನಮ್ಮಿಬ್ಬರಿಗೂ ಸೇರದ ಮೂರನೆಯ ಸಂಸ್ಥೆಯೊಂದರ ತಪಾಸಣೆಗಾರರು ಕಾರ್ಖಾನೆಗೇ ಹೋಗಿ, ಕಟ್ಟಿಟ್ಟ ಪೆಟ್ಟಿಗೆಗಳಲ್ಲಿ ತಮಗೆ ಬೇಕಾದವನ್ನು ತೆಗೆಸಿ, ಡಬ್ಬಿಗಳನ್ನು ನೋಡಿದರು. ಒಂದು ಕಂತಿನ ಉಂಗುರಗಳು ರಬ್ಬರ್ ವಾಸನೆ ಹೊಡೆಯುತ್ತಿದ್ದವು. ಕಾರ್ಖಾನೆಯವರು ಮರುಮಾತಾಡದೆ ಬದಲಿಸಿಕೊಟ್ಟರು. ಅಲ್ಲಿಯೂ ಒಳ್ಳೆಯ ಕೆಲಸಗಾರರಿದ್ದಾರೆ. ನಮಗೆ ಏನು ಬೇಕೆಂದು ಸ್ಪಷ್ಟವಾಗಿ ಬರೆದುಕೊಟ್ಟರೆ ಅದನ್ನೇ ಮಾಡಿಕೊಡುತ್ತಾರೆ. ತಪಾಸಣೆಗೆ ತೆತ್ತದ್ದು ಗುಜರಿಯಲ್ಲಿ ಕಳೆದುಕೊಂಡದ್ದರ ಪಕ್ಕದಲ್ಲಿ ಏನೇನೂ ಅಲ್ಲ.

ಲೇಖನದಲ್ಲಿ ಬರಲೇಬೇಕಿದ್ದ ಸಂಗತಿ ಕಾನೂನಿನದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬೇರೆಯವರು ತಯಾರಿಸಿದ ವಸ್ತುವಿನ ಮೇಲೆ ತನ್ನ ಗುರುತು ಹಾಕಿಸಿದವರೂ ತಯಾರಕರೇ. 'ನಾನು ಬರೀ ಮಾರುವವನು' ಎಂದು ತಪ್ಪಿಸಿಕೊಳ್ಳುವಂತಿಲ್ಲ. ಶಿಕ್ಷಕಿ ನನ್ನ ಗಲ್ಲಾದ ಮುಂದೆ ನಿಂತು ಹೇಳಿದ್ದೂ ಅದನ್ನೇ.

ಇನ್ನೊಂದಿದೆ. ಸ್ಟೀಲ್ ಪಾತ್ರೆಗಳಿಗೆ ಐಎಸ್‌ಐ ಮುದ್ರೆಯನ್ನು ಕಡ್ಡಾಯ ಮಾಡುವ ಆದೇಶ 2024ರಲ್ಲಿ ಬಂತು. ಇದರ ಪರವಾನಗಿ ಸಿಗುವುದು ತರಿಸಿಕೊಳ್ಳುವ ನಮಗಲ್ಲ, ತಯಾರಿಸುವ ಕಾರ್ಖಾನೆಗೆ. ವಿದೇಶದ ಕಾರ್ಖಾನೆಯೇ ಭಾರತೀಯ ಮಾನಕ ಬ್ಯೂರೊಗೆ ಅರ್ಜಿ ಹಾಕಬೇಕು, ಇಲ್ಲೊಬ್ಬ ಅಧಿಕೃತ ಪ್ರತಿನಿಧಿಯನ್ನು ನೇಮಿಸಬೇಕು. ನಾನು ಮಾಡಿಸುತ್ತಿದ್ದ ಕಾರ್ಖಾನೆಗೆ ಆ ಪರವಾನಗಿ ಇಲ್ಲ, ಹಾಗಾಗಿ ನನ್ನ ಮೂರನೆಯ ಆರ್ಡರ್ ನಿಂತಿದೆ. ಬಂದ ಮೂವರಲ್ಲಿ ಒಬ್ಬ ಹುಡುಗ ಅಕ್ಕನ ಒಡವೆ ಅಡವಿಟ್ಟು ಸ್ಟೀಲ್ ಬಾಟಲಿಗೆ ಮುಂಗಡ ಕಟ್ಟುವವನಿದ್ದ. ಬಾಟಲಿಗೂ ಇಂಥದ್ದೇ ಆದೇಶವಿದೆ. ಕಾರ್ಖಾನೆಗೆ ಪರವಾನಗಿ ಇದೆಯೇ ಎಂದು ಕೇಳಬೇಕೆಂಬುದನ್ನೇ ತರಬೇತಿಯಲ್ಲಿ ಅವನಿಗೆ ಹೇಳಿರಲಿಲ್ಲ. ಪರವಾನಗಿ ಇಲ್ಲದ ಸರಕು ಬಂದರಿನಲ್ಲೇ ಸಿಕ್ಕಿಬೀಳುತ್ತದೆ, ದಿನ ಕಳೆದಂತೆ ಬಾಡಿಗೆ ಏರುತ್ತದೆ. ಆ ಹೊತ್ತಿಗೆ ಪೂರ್ತಿ ಹಣ ಕೈಬಿಟ್ಟಿರುತ್ತದೆ.

ಇದನ್ನೆಲ್ಲ ಕುಳ್ಳಿರಿಸಿ ಕನ್ನಡದಲ್ಲಿ ಹೇಳುವ ಒಂದು ಸಲಹಾ ಮೇಜು ಪ್ರತಿ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇರಲಿ. ವಾರಕ್ಕೊಂದು ದಿನ ಸಾಕು. ಯಾವ ವಸ್ತುವಿಗೆ ಯಾವ ಮಾನಕ, ಪೆಟ್ಟಿಗೆಯ ಮೇಲೆ ಆಮದುದಾರರ ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ ಹೇಗೆ ಮುದ್ರಿಸಬೇಕು, ಹತ್ತಿರದ ಪ್ರಯೋಗಾಲಯ ಎಲ್ಲಿದೆ, ಇಷ್ಟನ್ನು ತಿಳಿದ ಒಬ್ಬ ಅಧಿಕಾರಿ ಇರಲಿ. ನಿಮ್ಮ ಪತ್ರಿಕೆಯೂ ಮುಂದಿನ ಲೇಖನದಲ್ಲಿ ಲಾಭದ ಲೆಕ್ಕದ ಪಕ್ಕಕ್ಕೆ ಈ ಲೆಕ್ಕವನ್ನೂ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ಅಲ್ಲಿಯವರೆಗೆ ನನ್ನ ಎರಡೂ ಆರ್ಡರಿನ ಕಡತಗಳು, ಬೆಳಗಾವಿಯ ಪರೀಕ್ಷಾ ವರದಿ ಮತ್ತು ಚುಕ್ಕೆ ಬಿದ್ದ ಒಂದು ಡಬ್ಬಿ ಅಂಗಡಿಯ ಗಲ್ಲಾದ ಪಕ್ಕದಲ್ಲೇ ಇರುತ್ತವೆ. ಮುಂಗಡ ಕಟ್ಟುವ ಮೊದಲು ಯಾರು ಬೇಕಾದರೂ ಬಂದು ನೋಡಬಹುದು. ಭಾನುವಾರ ಮಾತ್ರ ರಜೆ.

— ಪಾತ್ರೆ ಅಂಗಡಿಯ ಒಬ್ಬ ಓದುಗಾರ್ತಿ, ಹುಬ್ಬಳ್ಳಿ